ಮೂರನೇ ಕ್ರಾಸಿನ ಕುಂಬಳಬಳ್ಳಿ

ಬೆಂಗಳೂರಲ್ಲಿ ನಮ್ ಲೇಔಟ್ ಜನ ಗಲೀಜು ಅಂತ ಯಾರಾದ್ರೂ ಅಂದ್ರೆ ನಂಗೆ ಸಿಟ್ಟು ಬರತ್ತೆ. ಬೆಳಿಗ್ಗೆ ಆರಕ್ಕೇ ಎದ್ದು, ಪೈಪ್ ಹಿಡಿದು ಗೇಟು, ಕಾರು, ಸಾಲದ್ದಕ್ಕೆ ಮುಂದಿನ ಟಾರ್ ರೋಡನ್ನೂ ಫಳಫಳ ತೊಳೆದು, ರಂಗೋಲಿ ಬಿಟ್ಟು, ಆಮೇಲೆ ಅದೇ ಒದ್ದೆ ಕೈಲಿ ರಾತ್ರಿ ಕಟ್ಟಿಟ್ಟ ಕವರ್‌ನ ಸ್ಕೂಟರ್‌ಗೆ ಸಿಗಿಸ್ಕೊಂಡು ಹೊರಟ್ರೆ, ಮೂರನೇ ಕ್ರಾಸ್ ಮೂಲೇಲಿ ಸ್ಪೀಡ್ ಕಮ್ಮಿ ಮಾಡ್ದೇನೇ ಎಡಗೈಲಿ ಒಂದೇ ಎಸೆತ. ಅನಿಲ್ ಕುಂಬ್ಳೆ ನೋಡಿದ್ರೆ ಆ ಲೈನ್ ಅಂಡ್ ಲೆಂತ್‌ಗೆ ಎದ್ದು ನಿಂತು ಚಪ್ಪಾಳೆ ಹೊಡೀತಿದ್ರು.

ಕಸದ ಆಟೋ ಬರಲ್ವಾ ಅಂತೀರಾ? ಬರತ್ತೆ, ಬಂದಾಗ ನಾವು ಸ್ನಾನಕ್ಕೆ ಹೋಗಿರ್ತೀವಿ. ಸಿಕ್ರೂ ಹಸಿ ಕಸ ಒಣ ಕಸ ಬೇರೆ ಮಾಡಿ ಅಂತಾರೆ. ಎರಡು ಡಬ್ಬ ಒಂದು ಚೀಲ ಅಂತ ಹೈಕೋರ್ಟ್ 2015ರಲ್ಲೇ ಹೇಳಿತ್ತಲ್ಲ, ಕೋರ್ಟ್ ಮಾತು ಮೀರೋಕಾಗತ್ತಾ, ನಾವೂ ತಗೊಂಡ್ವಿ. ಹಸಿರು ಡಬ್ಬದಲ್ಲಿ ರಾಗಿ ಹಿಟ್ಟಿದೆ, ಕೆಂಪಲ್ಲಿ ಬಟ್ಟೆ ನೆನೆಸ್ತೀವಿ.

ಆ ಮೂಲೇಲಿ ಕಸ ನಿಲ್ಸೋಕೆ ಏನೇನ್ ಮಾಡಿಲ್ಲ ಹೇಳಿ. ಪೌರಕಾರ್ಮಿಕರು ಪಾಪ ಪೂರ್ತಿ ಎತ್ತಿ ರಂಗೋಲಿ ಹಾಕಿದ್ರು, ನಮ್ಮೋರು ಚುಕ್ಕಿ ಕೆಡಬಾರ್ದು ಅಂತ ಹುಷಾರಾಗಿ ಅಂಚಿಗೆ ಎಸೆದ್ರು. ಗೋಡೆಗೆ ಎಲ್ಲಾ ಧರ್ಮದ ದೇವರ ಟೈಲ್ಸ್ ಅಂಟಿಸಿದ್ರು, ಒಂದ್ ವಾರ ಕೈಮುಗಿದು ಎರಡಡಿ ಪಕ್ಕಕ್ಕೆ ಎಸೆದ್ರು, ಆಮೇಲೆ ಮನೇಲಿದ್ದ ಗಾಜು ಒಡೆದ ದೇವರ ಫೋಟೋಗಳನ್ನೂ ತಂದು ಅಲ್ಲೇ ಇಟ್ರು, ಕಂಪನಿ ಇರ್ಲಿ ಅಂತ. ಸಿಸಿಟಿವಿ ಹಾಕಿದ್ಮೇಲೆ ಜನ್ಮದಲ್ಲಿ ಹೆಲ್ಮೆಟ್ ಮುಟ್ಟದ ಅಂಕಲ್‌ಗಳೆಲ್ಲ ಕಸ ಎಸೆಯೋಕೆ ಹೋಗುವಾಗ ಮಾತ್ರ ಹೆಲ್ಮೆಟ್ ಹಾಕೋಕೆ ಶುರು ಮಾಡಿದ್ರು. ಟ್ರಾಫಿಕ್ ಪೊಲೀಸ್ ಕೈಲಿ ಆಗದ್ದು ಕಸದ ಕೈಲಿ ಆಯ್ತು.

2025ರ ಅಕ್ಟೋಬರ್‌ನಲ್ಲಿ ನೋಡಿ ಊರಲ್ಲಿ ನಿಜವಾದ ಗಾಬರಿ. ಬೀದೀಲಿ ಎಸೆದೋರ ಮನೆ ಬಾಗಿಲಿಗೇ ಕಸ ವಾಪಸ್ ತಂದು ಸುರಿಯೋದು, ಮೇಲೆ ದಂಡ ಬೇರೆ, ಅದಕ್ಕೆ ಹೆಸರು ಕಸ ಸುರಿಯುವ ಹಬ್ಬ. (ನಮ್ಮೂರಲ್ಲಿ ಹಬ್ಬ ಅನ್ನದೆ ಏನೂ ನಡೆಯಲ್ಲ.) ಅವತ್ತೇ ಸಂಜೆ ಅಸೋಸಿಯೇಷನ್ ಎಮರ್ಜೆನ್ಸಿ ಮೀಟಿಂಗು, ಕಾಫಿ, ಬೋಂಡಾ. ಕವರ್‌ನಲ್ಲಿರೋ ಕೊರಿಯರ್ ಚೀಟಿ ನೋಡಿ ಅಡ್ರೆಸ್ ಹಿಡಿದ್ಬಿಟ್ರೆ ಏನ್ ಗತಿ ಅಂತ ಒಂದೂವರೆ ಗಂಟೆ ಚರ್ಚೆ ಆಗಿ, ಹೆಸರು ಅಡ್ರೆಸ್ ಇರೋದನ್ನೆಲ್ಲ ಮೊದ್ಲೇ ಹರಿದು ಬೇರೆ ಇಟ್ಕೊಳ್ಳಿ ಅಂತ ಸರ್ವಾನುಮತದ ತೀರ್ಮಾನ ಆಯ್ತು. ನಮ್ ಲೇಔಟ್‌ನಲ್ಲಿ ಮೂಲದಲ್ಲೇ ಕಸ ವಿಂಗಡಣೆ ಶುರುವಾಗಿದ್ದು ಹೀಗೆ. ಮೀಟಿಂಗಿನ ಪೇಪರ್ ಪ್ಲೇಟೂ ಮೂರನೇ ಕ್ರಾಸಿಗೇ ಹೋದ್ವು ಅನ್ನೋದು ಬೇರೆ ವಿಷ್ಯ.

ಇನ್ನು ಹಸಿರು. ಪ್ರತಿ ಜೂನ್ 5ಕ್ಕೆ ಅದೇ ಗುಂಡಿಗೆ ಹೊಂಗೆ ಸಸಿ ನೆಡ್ತೀವಿ, ಗುಂಡಿ ತೋಡೋ ಕಷ್ಟ ಇಲ್ಲ ನೋಡಿ, ಹೋದ ವರ್ಷದ್ದು ಖಾಲಿ ಇರತ್ತೆ. ಟ್ರೀ ಗಾರ್ಡ್ ಮೇಲೆ ಪದಾಧಿಕಾರಿಗಳ ಹೆಸರಿರೋ ಬೋರ್ಡು, ಒಳಗೆ ಟೀ ಕಪ್ಪು.

ಹಾಗಾಗಿ ನಮ್ ರೋಡಲ್ಲಿ ತಾನಾಗೇ ಹಸಿರಾಗಿದ್ದು ಒಂದೇ. ಆಯುಧಪೂಜೆಗೆ ಕಾರು ಬೈಕಿಗೆಲ್ಲ ದೃಷ್ಟಿ ತೆಗೆದು ರೋಡಲ್ಲಿ ಒಡೆದ ಬೂದುಗುಂಬಳ ಬಾಳೆಕಂದಿನ ಜೊತೆ ಆ ತಿಪ್ಪೆ ಸೇರಿತ್ತು. ಯಾವ ಬೀಜ ಹುಟ್ಟಿತೋ, ಬಳ್ಳಿ ಹಬ್ಬಿ, ಟೈಲ್ಸ್ ದಾಟಿ, ಸಿಸಿಟಿವಿ ಕಂಬ ಹತ್ತಿ, ಸಂಕ್ರಾಂತಿ ಕಳೆಯೋಷ್ಟ್ರಲ್ಲಿ ಬಿಳಿ ಬೂದಿ ಮೆತ್ತಿದ ಒಂದು ಕಾಯಿ ನೇತಾಡ್ತಿತ್ತು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ಇದು ಯಾರ ಕಸ ಅಂತ ಇಷ್ಟು ವರ್ಷ ಕೇಳಿದ್ರೂ ಒಬ್ರೂ ಹೆಗಲು ಮುಟ್ಕೊಂಡಿರ್ಲಿಲ್ಲ. ಮೊನ್ನೆ ಕಸ ಎತ್ತೋ ಅಮ್ಮ ಆ ಕಾಯಿ ಕಿತ್ಕೊಂಡು ಮನೆಗೆ ಹೊರಟ್ರೆ, ಎದುರು ಬದುರು ಗೇಟಿಂದ ಇಬ್ರು ಓಡಿ ಬಂದ್ರು.

"ಏ ನಿಲ್ಲಮ್ಮ, ಅದು ನಮ್ಮನೆ ಕಸದ್ದು!"