ಪಟ್ಟಿ ಮೊದಲು, ಪಾರ್ಕು ಆಮೇಲೆ

"ಎಲ್ಲರೂ ಸೇರಿ ಒಂದಿನ ವಂಡರ್‌ಲಾಗೆ ಹೋಗೋಣ" ಎಂಬ ಮಾತು ಹುಟ್ಟುವುದು ಸಾಮಾನ್ಯವಾಗಿ ಮದುವೆ ಮನೆಯಲ್ಲಿ, ಎರಡನೇ ಪಂಕ್ತಿ ಎದ್ದ ಮೇಲೆ. ಎಲೆ ಅಡಿಕೆ ಬಾಯಲ್ಲಿರುವಾಗ ಯಾರೂ ಯಾವುದಕ್ಕೂ ಒಲ್ಲೆ ಅನ್ನುವುದಿಲ್ಲ. ಅಲ್ಲೇ ಒಬ್ಬರು ಫೋನು ತೆಗೆದು ವಾಟ್ಸಾಪ್ ಗ್ರೂಪು ಮಾಡುತ್ತಾರೆ. ಅದಕ್ಕೊಂದು ಹೆಸರು, ಡಿಪಿಗೆ ನೀರಿನ ಜಾರುಬಂಡೆಯ ಚಿತ್ರ. ಸಂಜೆಯೊಳಗೆ ಹದಿನೆಂಟು ಹೆಬ್ಬೆಟ್ಟು ಬಿದ್ದಿರುತ್ತವೆ. ಹಿಂದೆ ಹೆಬ್ಬೆಟ್ಟು ಒತ್ತಿದ ಕಾಗದಕ್ಕೆ ಸಾಲದ ಪತ್ರದಷ್ಟು ತೂಕವಿತ್ತು. ವಾಟ್ಸಾಪಿನ ಹೆಬ್ಬೆಟ್ಟು "ನೋಡಿದೆ" ಅನ್ನುವುದಕ್ಕಿಂತ ಹೆಚ್ಚಿನದನ್ನು ಹೇಳುವುದಿಲ್ಲ.

ಆದ್ದರಿಂದ ದಿನ ಗೊತ್ತುಮಾಡುವ ಮುಂಚೆ, ಟಿಕೆಟ್ ದರ ನೋಡುವುದಕ್ಕೂ ಮುಂಚೆ, ಮುಂಗಡ ಎತ್ತಬೇಕು. ತಲೆಗೆ 500 ರೂಪಾಯಿ ಸಾಕು. ಮೊತ್ತ ಮುಖ್ಯವಲ್ಲ, ಯುಪಿಐ ಪಿನ್ ಒತ್ತುವಾಗ ಬರುವ ಆ ಒಂದು ಕ್ಷಣದ ಯೋಚನೆ ಮುಖ್ಯ. ಹದಿನೆಂಟು ಹೆಬ್ಬೆಟ್ಟಿನಲ್ಲಿ ಹನ್ನೊಂದೋ ಹನ್ನೆರಡೋ ಮುಂಗಡವಾಗಿ ಮಾರ್ಪಟ್ಟರೆ ನಿಮ್ಮದು ಒಳ್ಳೆಯ ಬಳಗ. ಕೊಡುವ ಮೊದಲೇ ಷರತ್ತನ್ನೂ ಹೇಳಿಬಿಡಬೇಕು: ಹೊರಡುವ ವಾರದಲ್ಲಿ ಹಿಂದೆ ಸರಿದರೆ ಗಾಡಿಯ ಪಾಲು ವಾಪಸಿಲ್ಲ. ಮೊದಲು ಹೇಳಿದರೆ ಅದು ನಿಯಮ, ಆಮೇಲೆ ಹೇಳಿದರೆ ಜಗಳ.

ದುಡ್ಡು ಬಂದವರ ಹೆಸರು ಪಟ್ಟಿಗೆ ಹೋಗುತ್ತದೆ. ಹೆಸರಿನ ಮುಂದೆ ಮೂರು ಕಲಂ ಹಾಕಿ: ಎತ್ತರ, ವಯಸ್ಸು, ರೈಡ್ ಹತ್ತುತ್ತಾರೋ ಇಲ್ಲವೋ. ಎತ್ತರ ಮೊದಲಿರುವುದಕ್ಕೆ ಕಾರಣ ಇದೆ. ಬಿಡದಿಯ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ತೀರ್ಮಾನವಾಗುವುದು ಸೆಂಟಿಮೀಟರಿನ ಮೇಲೆ. 85 ಸೆಂ.ಮೀ. ಒಳಗಿದ್ದರೆ ಉಚಿತ, 85ರಿಂದ 140ರವರೆಗೆ ಮಕ್ಕಳ ದರ, ಅದರ ಮೇಲೆ ಪೂರ್ತಿ ದರ. ಅಮೆರಿಕದಲ್ಲಿ ಮಗಳ ಮನೆಗೆ ಹೋಗಿ ಒರ್ಲ್ಯಾಂಡೊದ ಡಿಸ್ನಿ ನೋಡಿಬಂದ ಅಜ್ಜ ಅಜ್ಜಿಯರು ಬೇರೆ ಲೆಕ್ಕ ಹೇಳುತ್ತಾರೆ, ಗೊಂದಲ ಬೇಡ. ಅಲ್ಲಿ ಟಿಕೆಟ್ ವಯಸ್ಸಿನ ಮೇಲೆ, ಮೂರು ವರ್ಷದೊಳಗೆ ಉಚಿತ, ಮೂರರಿಂದ ಒಂಬತ್ತು ಮಕ್ಕಳ ದರ. ಎತ್ತರ ಕೇಳುವುದು ರೈಡಿನ ಬಾಗಿಲಲ್ಲಿ. ಬಿಡದಿಯಲ್ಲಿ ಎರಡೂ ಕಡೆ ಎತ್ತರವೇ.

ಎತ್ತರ ಎಂದರೆ ಅಂದಾಜಲ್ಲ. "ನಮ್ಮವನು ನನ್ನ ಭುಜಕ್ಕೆ ಬರ್ತಾನೆ" ಎಂದು ಗ್ರೂಪಿನಲ್ಲಿ ಬರೆಯುವ ತಂದೆಯ ಭುಜ ಎಷ್ಟೆತ್ತರ ಎಂದು ಯಾರಿಗೆ ಗೊತ್ತು? ಮಗುವನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ಹಿಮ್ಮಡಿ ಗೋಡೆಗೆ ತಾಗಿರಬೇಕು, ಗದ್ದ ನೆಟ್ಟಗಿರಬೇಕು. ತಲೆಯ ಮೇಲೆ ಒಂದು ನೋಟ್‌ಬುಕ್ಕನ್ನು ಗೋಡೆಗೆ ಲಂಬವಾಗಿ ಒತ್ತಿ ಅದರ ಕೆಳಗೆ ಪೆನ್ಸಿಲ್ ಗುರುತು ಹಾಕಿ. ಜುಟ್ಟು, ಹೇರ್‌ಬ್ಯಾಂಡ್, ಮಲ್ಲಿಗೆ ದಂಡೆ ಲೆಕ್ಕಕ್ಕಿಲ್ಲ. ಟೈಲರ್ ಟೇಪು ಹಳೆಯದಾದರೆ ಹಿಗ್ಗಿರುತ್ತದೆ, ಬಡಗಿಯ ಸ್ಟೀಲ್ ಟೇಪು ಒಳ್ಳೆಯದು. ಬೆಳಿಗ್ಗೆ ಅಳೆದದ್ದು ಸಂಜೆಗೆ ಸುಮಾರು ಒಂದು ಸೆಂಟಿಮೀಟರ್ ಇಳಿದಿರಬಹುದು. ದಿನವಿಡೀ ನಿಂತು ಓಡಾಡಿದರೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅದುಮಿಕೊಳ್ಳುತ್ತವೆ. ಬೆಳಿಗ್ಗೆ ಸರಿಯಾಗಿ 140 ಇದ್ದ ಹುಡುಗನಿಗೆ ಇದು ಸಣ್ಣ ವಿಷಯವಲ್ಲ. ತಲೆಕೆಳಗಾಗಿಸುವ ದೊಡ್ಡ ರೈಡುಗಳ ಬಾಗಿಲಲ್ಲಿ ಅಳತೆಗೋಲು ಹಿಡಿದ ಸಿಬ್ಬಂದಿ ನಿಂತಿರುತ್ತಾರೆ, ಅಲ್ಲಿ ವಕಾಲತ್ತು ನಡೆಯುವುದಿಲ್ಲ. ಭುಜವನ್ನು ಒತ್ತಿ ಹಿಡಿಯುವ ಆ ಕಬ್ಬಿಣದ ಪಟ್ಟಿ ಒಂದು ಅಳತೆಯ ಮೈಗೆಂದು ಮಾಡಿದ್ದು. ಮೈ ಚಿಕ್ಕದಾದರೆ ಸಂದು ಉಳಿಯುತ್ತದೆ, ಆ ಸಂದಿನಲ್ಲಿ ಜಾರುವ ಅಪಾಯ. ಎತ್ತರ ತೋರಿಸಲು ಮಗುವಿಗೆ ದಪ್ಪ ಅಟ್ಟೆಯ ಶೂ ಹಾಕಿಸುವ ಬುದ್ಧಿವಂತರು ಈ ಸಂದನ್ನು ಒಮ್ಮೆ ಊಹಿಸಿಕೊಳ್ಳಲಿ.

ಅಳತೆ ಮನೆಯಲ್ಲೇ ಮುಗಿದರೆ ಇನ್ನೊಂದು ಲಾಭ. ಹತ್ತು ವರ್ಷದ ಇಬ್ಬರು ದಾಯಾದಿ ಮಕ್ಕಳಲ್ಲಿ ಒಬ್ಬ 142, ಇನ್ನೊಬ್ಬ 136 ಇದ್ದರೆ ಒಬ್ಬ ಹತ್ತುತ್ತಾನೆ, ಒಬ್ಬ ಕೆಳಗೆ ನಿಲ್ಲುತ್ತಾನೆ. ಈ ಸುದ್ದಿ ಮಗುವಿಗೆ ಮನೆಯಲ್ಲೇ ತಿಳಿದರೆ ಸಾಯಂಕಾಲದೊಳಗೆ ಮರೆತೀತು. ನಲವತ್ತು ನಿಮಿಷ ಸಾಲಿನಲ್ಲಿ ನಿಂತು ಬಾಗಿಲಲ್ಲಿ ತಿಳಿದರೆ ಇಡೀ ಬಳಗದ ಮಧ್ಯಾಹ್ನ ಹಾಳು.

ಇನ್ನು ರೈಡ್ ಹತ್ತದವರ ಕಲಂ. ಯೋಜನೆ ಮಾಡುವವರು ಅತಿ ಕಡಿಮೆ ಹೊತ್ತು ಕೊಡುವ ಕಲಂ ಇದು. ಇಡೀ ದಿನ ನಿಂತಿರುವುದು ಇದರ ಮೇಲೆ. ಮಕ್ಕಳು ಹೇಗೂ ಖುಷಿಯಾಗಿರುತ್ತಾರೆ, ನೀರು ಕಂಡರೆ ಸಾಕು. ರಕ್ತದೊತ್ತಡ ಇರುವ ದೊಡ್ಡಪ್ಪ, ಕತ್ತು ನೋವಿನ ಅತ್ತಿಗೆ, ಏಳು ತಿಂಗಳ ಗರ್ಭಿಣಿ ನಾದಿನಿ, ಮಂಡಿ ನೋವಿನ ಅಜ್ಜಿ, ಇವರಿಗೆ ದೊಡ್ಡ ರೈಡು ಯಾವುದೂ ಆಗದು, ಆಗಬಾರದು ಕೂಡ. ಆದರೆ ಆಡಲಿ ಬಿಡಲಿ ಒಳಗೆ ಕಾಲಿಡಲು ಟಿಕೆಟ್ ಬೇಕೇ ಬೇಕು. "ಸುಮ್ಮನೆ ಕೂರೋದಕ್ಕೆ ಇಷ್ಟು ದುಡ್ಡಾ?" ಎಂದು ಅಜ್ಜಿ ಕೌಂಟರಿನ ಮುಂದೆ ಕೇಳಿದರೆ ಉತ್ತರ ಕೊಡುವುದು ಕಷ್ಟ. ಮನೆಯಲ್ಲಿ ಕೇಳಿದರೆ ದಾರಿಗಳಿವೆ: ಹಿರಿಯ ನಾಗರಿಕರ ದರ ಇದೆ, ಆಧಾರ್ ಕಾರ್ಡ್ ಜೊತೆಯಲ್ಲಿರಬೇಕು. ಕೂತು ಆಡುವಂಥವೂ ಇವೆ. ಟ್ಯೂಬಿನಲ್ಲಿ ಕೂತು ತೇಲುವ ಲೇಜಿ ರಿವರ್, ಎತ್ತರದ ಗೋಪುರದ ಮೇಲೆ ನಿಧಾನ ಸುತ್ತುವ ಸ್ಕೈ ವೀಲ್. ಬೆಚ್ಚಗಿನ ನೀರು ಸುರಿಯುವ ರೇನ್ ಡಿಸ್ಕೊಗೆ ಮಾತ್ರ ದೊಡ್ಡಪ್ಪ ಬೇಡ ಬೇಡ ಎನ್ನುತ್ತಲೇ ಹೋಗಿ ಕೊನೆಗೆ ಹೊರಗೆ ಬರುವುದೇ ಇಲ್ಲ.

ಆ ಕಲಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೆಸರು ಬಂದರೆ, ಆಗ ಪಾರ್ಕೇ ಬದಲಾಗಬೇಕು. 2005ರಲ್ಲಿ ಶುರುವಾದ ಬಿಡದಿಯ ಪಾರ್ಕು ವಿಸ್ತಾರವಾದದ್ದು, ನಡಿಗೆ ಬಹಳ. ಪುಟ್ಟ ಮಕ್ಕಳು, ವಯಸ್ಸಾದವರೇ ಹೆಚ್ಚಿದ್ದರೆ ಮೈಸೂರಿನ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಸಾಕು. ನಡಿಗೆ ಕಡಿಮೆ, ಸಂಜೆ ಚಾಮುಂಡಿ ಬೆಟ್ಟವೂ ಆಯಿತು. ಹದಿಹರೆಯದವರು ಮುಖ ಸಿಂಡರಿಸುತ್ತಾರೆ, ಅವರನ್ನು ಇನ್ನೊಮ್ಮೆ ಅವರ ಸ್ನೇಹಿತರ ಜೊತೆ ಬಿಡದಿಗೆ ಕಳಿಸಿದರಾಯಿತು. ಕಾಲೇಜಿನ ಗುರುತಿನ ಚೀಟಿಗೆ ರಿಯಾಯಿತಿ ಸಿಗುವುದುಂಟು.

ಪಟ್ಟಿ ಗಟ್ಟಿಯಾದ ಮೇಲೆ ಗಾಡಿ. ಇಲ್ಲಿ ಕಾಡುವುದು ಹದಿಮೂರನೆಯವರು. ಟೆಂಪೋ ಟ್ರಾವೆಲರ್, ಎಲ್ಲರೂ ಕರೆಯುವ ಟಿಟಿ, ಸಾಮಾನ್ಯವಾಗಿ ಸಿಗುವುದು 12 ಸೀಟಿನದು. ಹನ್ನೆರಡು ಜನರಿಗೆ ಅಚ್ಚುಕಟ್ಟು. ಹದಿಮೂರಾದರೆ ದೊಡ್ಡ ಗಾಡಿಗೆ ಹೋಗಬೇಕು, ಇಲ್ಲವೇ ಒಬ್ಬರಿಗಾಗಿ ಒಂದು ಕಾರು. "ಮಗುವನ್ನು ತೊಡೆ ಮೇಲೆ ಕೂರಿಸ್ಕೊಳ್ಳೋಣ" ಎಂಬ ಪರಿಹಾರ ಹೋಗುವಾಗ ನಡೆಯುತ್ತದೆ. ಬರುವಾಗ ಅದೇ ಮಗು ಒದ್ದೆ ತಲೆಯಲ್ಲಿ ನಿದ್ದೆ ಹೋಗಿ ಎರಡರಷ್ಟು ಭಾರವಾಗಿರುತ್ತದೆ.

ಬಾಡಿಗೆಯ ಲೆಕ್ಕ ಬಾಯಿಬಿಟ್ಟು ಕೇಳಬೇಕು. ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂದಿರುತ್ತದೆ, 250 ಅಥವಾ 300. ಕಿಲೋಮೀಟರ್ ಎಣಿಕೆ ನಿಮ್ಮ ಮನೆ ಬಾಗಿಲಿಂದಲ್ಲ, ಅವರ ಶೆಡ್ಡಿನಿಂದ ಶೆಡ್ಡಿಗೆ. ಡ್ರೈವರ್ ಬಾಟಾ, ಟೋಲು, ಪಾರ್ಕಿಂಗ್ ಬೇರೆ. ದಿನ ಎಂದರೆ ಅವರ ಲೆಕ್ಕದಲ್ಲಿ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ. ದಾರಿಯಲ್ಲಿ ಊಟಕ್ಕೆ ನಿಂತು ಹನ್ನೆರಡೂವರೆಗೆ ಮನೆ ಸೇರಿದರೆ ಎರಡು ದಿನದ ಬಾಡಿಗೆ. ಬೆಂಗಳೂರಿನವರಿಗೆ ಬಿಡದಿಗೆ ಹೋಗಿ ಬರಲು ನೂರು ಕಿಲೋಮೀಟರ್ ಕೂಡ ಆಗುವುದಿಲ್ಲ, ಟಿಟಿ ಹಿಡಿದರೆ ಓಡದ ಕಿಲೋಮೀಟರಿಗೆ ದುಡ್ಡು ಕೊಟ್ಟಂತೆ. ಮೆಜೆಸ್ಟಿಕ್ಕಿನಿಂದ ಬಸ್ಸಿದೆ, ಕಾರುಗಳಿದ್ದರೆ ಹಂಚಿಕೊಂಡು ಹೋಗಬಹುದು. ತುಮಕೂರಿನವರಿಗೆ ಟಿಟಿ ಸರಿಹೊಂದುತ್ತದೆ. ಮಾದಾವರದ ಹತ್ತಿರ ನೈಸ್ ರಸ್ತೆ ಹಿಡಿದರೆ ಬೆಂಗಳೂರಿನ ಒಳಗೆ ಕಾಲಿಡದೆ ಮೈಸೂರು ರಸ್ತೆಗೆ ಇಳಿಯಬಹುದು. ಬೈಕಿನಲ್ಲಿ ಬರುವ ಹುಡುಗರಿದ್ದರೆ ಹೇಳಿಡಿ: ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ದ್ವಿಚಕ್ರಕ್ಕೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯೇ ಗತಿ.

ದಿನ ಆರಿಸುವುದು ಇನ್ನೂ ಆಗಿಲ್ಲ, ನೋಡಿ. ಎಲ್ಲರಿಗೂ ರಜೆ ಇರುವ ದಿನ ಎಂದರೆ ರಾಜ್ಯಕ್ಕೆಲ್ಲ ರಜೆ ಇರುವ ದಿನ. ಏಪ್ರಿಲ್ ಮೇ ತಿಂಗಳ ಭಾನುವಾರ, ದಸರಾ ರಜೆ, ಡಿಸೆಂಬರಿನ ಕೊನೆಯ ವಾರ, ಮೂರಕ್ಕೂ ಜನ ಕಿಕ್ಕಿರಿದಿರುತ್ತಾರೆ. ದರವೂ ವಾರದ ದಿನಕ್ಕಿಂತ ಹೆಚ್ಚು. ನವೆಂಬರ್ ಡಿಸೆಂಬರಿನ ವಾರದ ದಿನ ಖಾಲಿಯಿರುತ್ತದೆ ಎಂದು ನಂಬಿ ಹೋದವರಿಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ಎದುರಾಗುತ್ತವೆ. ಬುದ್ಧಿವಂತಿಕೆಯ ದಿನ ಎಂದರೆ ಶಾಲೆ ಶುರುವಾದ ಮೇಲೆ, ಜೂನ್ ನಡುವಿನ ಒಂದು ಮಂಗಳವಾರವೋ ಬುಧವಾರವೋ. ಮಕ್ಕಳಿಗೆ ಒಂದು ದಿನ ರಜೆ ಹಾಕಿಸುವ ಧೈರ್ಯ ಬೇಕು. ಮಳೆಯ ಭಯವೂ ಇದೆ; ಗುಡುಗು ಮಿಂಚು ಬಂದರೆ ಬಯಲಿನ ರೈಡು ನಿಲ್ಲಿಸುತ್ತಾರೆ. ಇಷ್ಟೆಲ್ಲ ಹೊಂದಿಸಿ ಒಂದು ದಿನ ಬರೆದರೆ, ಒಂಟಿಕೊಪ್ಪಲ್ ಪಂಚಾಂಗ ತೆಗೆದ ಅಜ್ಜಿ "ಅವತ್ತು ಅಮಾವಾಸ್ಯೆ" ಅನ್ನುತ್ತಾರೆ. ಮೊದಲೇ ಅವರನ್ನು ಕೇಳಿಕೊಳ್ಳಿ. ಪಿಯುಸಿ ಮಕ್ಕಳ ಪರೀಕ್ಷೆಯನ್ನೂ ಅದೇ ಉಸಿರಿನಲ್ಲಿ ಕೇಳಿ.

ಬಟ್ಟೆಯ ಮಾತು ಗ್ರೂಪಿನಲ್ಲಿ ಹಾಕಿದರೆ ಯಾರೂ ಓದುವುದಿಲ್ಲ, ಫೋನು ಮಾಡಿ ಹೇಳಬೇಕು. ನೀರಿಗಿಳಿಯಲು ನೈಲಾನ್, ಪಾಲಿಯೆಸ್ಟರ್, ಲೈಕ್ರಾ ಮಾತ್ರ. ಹತ್ತಿ ಬಟ್ಟೆ, ಜೀನ್ಸು, ಸೀರೆ, ದುಪಟ್ಟಾ ಇರುವ ಚೂಡಿದಾರ್ ಬೇಡ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಅದರ ನವಿರು ಎಳೆಗಳು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತವೆ. ಜೀನ್ಸಿನ ಲೋಹದ ಗುಂಡಿ ಫೈಬರ್ ಜಾರುಬಂಡೆಯನ್ನು ಗೀಚುತ್ತದೆ. ಸೆರಗು ಎಲ್ಲಿ ಸಿಕ್ಕಿಕೊಳ್ಳುತ್ತದೋ ಹೇಳಲಾಗದು. ಒಳಗೆ ಈಜುಡುಪು ಮಾರುತ್ತಾರೆ, ಆದರೆ ಹನ್ನೆರಡು ಜನರಲ್ಲಿ ಐವರು ಅಲ್ಲೇ ಕೊಂಡರೆ ಬಜೆಟ್ಟಿನ ಲೆಕ್ಕ ಅಡ್ಡ ಹಾರುತ್ತದೆ. ಒದ್ದೆ ಬಟ್ಟೆ ತುಂಬಲು ಮನೆಗೊಂದು ಗಟ್ಟಿ ಪ್ಲಾಸ್ಟಿಕ್ ಚೀಲ ಬೇಕು, ಯಾರೂ ತರುವುದಿಲ್ಲ, ನೀವೇ ಐದು ಹೆಚ್ಚು ಇಟ್ಟುಕೊಳ್ಳಿ.

ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ತುಂಬಿದ ಪುಳಿಯೋಗರೆ ಗೇಟಿನಾಚೆ ಗಾಡಿಯಲ್ಲೇ ಖರ್ಚಾಗಬೇಕು. ಬಿಡದಿಯ ತಟ್ಟೆ ಇಡ್ಲಿ ತಿನ್ನೋಣ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಮೈಸೂರು ಕಡೆಯಿಂದ ಬರುವವರಿಗೆ ಬಿಡದಿ ಊರು ಮೊದಲು, ಪಾರ್ಕು ಆಮೇಲೆ. ಬೆಂಗಳೂರು ಕಡೆಯಿಂದ ಬಂದರೆ ಪಾರ್ಕು ಮೊದಲು ಸಿಕ್ಕಿಬಿಡುತ್ತದೆ, ಇಡ್ಲಿಗೆ ಮುಂದೆ ಹೋಗಿ ತಿರುಗಿ ಬರಬೇಕು. ಎಕ್ಸ್‌ಪ್ರೆಸ್‌ವೇಯೂ ಊರನ್ನು ಬೈಪಾಸಿನಲ್ಲಿ ದಾಟುತ್ತದೆ, ಸರ್ವೀಸ್ ರಸ್ತೆಗೆ ಇಳಿಯದಿದ್ದರೆ ಇಡ್ಲಿ ಹಿಂದೆ ಉಳಿಯುತ್ತದೆ. ಬೆಣ್ಣೆ ಹಾಕಿದ್ದು ಒಂದು ಸಾಕು. ಮೂರು ತಿಂದವರನ್ನು ಮೊದಲ ಗಂಟೆ ರೋಲರ್ ಕೋಸ್ಟರ್ ಹತ್ತಿಸಬೇಡಿ, ಪಕ್ಕದಲ್ಲಿ ಕೂರುವವರ ಮೇಲೆ ದಯೆಯಿರಲಿ.

ಕೊನೆಗೆ ಗಂಟೆಯ ಲೆಕ್ಕ. ಹನ್ನೊಂದಕ್ಕೆ ಬಾಗಿಲು, ವಾರದ ದಿನ ಆರಕ್ಕೆ ಮುಗಿತು, ಅಂದರೆ ಏಳು ಗಂಟೆ. ಲಾಕರ್ ಹಿಡಿದು ಬಟ್ಟೆ ಬದಲಿಸಲು ಅರ್ಧ ಗಂಟೆ, ಊಟಕ್ಕೆ ಒಂದು ಗಂಟೆ ಕಳೆಯಿರಿ. ಉಳಿದ ಐದೂವರೆಯಲ್ಲಿ ಜನಜಂಗುಳಿಯ ದಿನ ರೈಡಿಗೆ ನಲವತ್ತು ನಿಮಿಷ ಹಿಡಿದರೂ ಎಂಟು ರೈಡು. ಪಾರ್ಕಿನಲ್ಲಿರುವುದು ಅರವತ್ತಕ್ಕೂ ಹೆಚ್ಚು. ಆದ್ದರಿಂದ "ಎಲ್ಲಾ ಆಡಿಬಿಡೋಣ" ಎಂಬುದನ್ನು ಮನೆಯಲ್ಲೇ ಬಿಟ್ಟು, ಮನೆಗೆ ಎರಡೆರಡು ರೈಡು ಆರಿಸಲು ಹೇಳಿ. ಸಾಲಿನ ಉದ್ದ ನೋಡಿ ಹೆದರುವುದಕ್ಕಿಂತ ಎಣಿಸಿ ನೋಡಿ: ಒಮ್ಮೆಗೆ 24 ಜನ ಕೂರುವ ರೈಡು ಹತ್ತಿಸಿ ಇಳಿಸಿ ಆರು ನಿಮಿಷಕ್ಕೊಂದು ಸುತ್ತು ಹೊರಟರೆ ಗಂಟೆಗೆ 240 ಜನ, ನಿಮ್ಮ ಮುಂದೆ ನೂರಿಪ್ಪತ್ತು ತಲೆ ಇದ್ದರೆ ಅರ್ಧ ಗಂಟೆ. ಒಣ ರೈಡುಗಳು ಬೆಳಿಗ್ಗೆ, ಬಿಸಿಲೇರಿದ ಮೇಲೆ ನೀರು, ಊಟ ಹನ್ನೆರಡೂವರೆಯೊಳಗೆ ಇಲ್ಲವೇ ಎರಡೂವರೆಯ ಮೇಲೆ. ಉದ್ದ ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಭಾನುವಾರಕ್ಕೆ ಯೋಚಿಸಬಹುದು, ಜೂನಿನ ಬುಧವಾರಕ್ಕೆ ದಂಡ.

ನೀರಿಗಿಳಿದರೆ ಫೋನು ಲಾಕರಿನಲ್ಲಿ. ಆಮೇಲೆ ಯಾರನ್ನೂ ಕರೆಯುವ ಹಾಗಿಲ್ಲ, ಹಾಗಾಗಿ ಸೇರುವ ಜಾಗ ಮತ್ತು ಹೊತ್ತು ಮೊದಲೇ ಗೊತ್ತಿರಬೇಕು. "ಐಸ್‌ಕ್ರೀಮ್ ಅಂಗಡಿ ಹತ್ತಿರ" ಎಂದರೆ ಮೂರು ಅಂಗಡಿಗಳಲ್ಲಿ ಮೂರು ಗುಂಪು ನಿಂತಿರುತ್ತವೆ. ಲಾಕರ್ ಕೌಂಟರ್ ಎನ್ನಿ, ಎಲ್ಲರ ಚಪ್ಪಲಿ, ಬಟ್ಟೆ, ಪರ್ಸು ಅಲ್ಲೇ ಇರುವುದರಿಂದ ಬಾರದೆ ವಿಧಿಯಿಲ್ಲ. ಬಟ್ಟೆ ಬದಲಿಸುವ ಕೋಣೆಗೆ ಮುಚ್ಚುವ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಅಲ್ಲಿ ಮುಕ್ಕಾಲು ಗಂಟೆ ಹೋಗುವುದು ಖಂಡಿತ. ಬಳಗಕ್ಕೆ ಐದಕ್ಕೆ ಸೇರಲು ಹೇಳಿ, ಡ್ರೈವರಿಗೆ ಏಳಕ್ಕೆ ಎಂದಿಡಿ. ಎರಡನ್ನೂ ಒಬ್ಬರಿಗೊಬ್ಬರು ತಿಳಿಯದಂತೆ ನೋಡಿಕೊಳ್ಳಿ.