ಕೋರಸ್ ನಿರ್ದೇಶಕಿ ಗಾಯಕಿಯರ ಸಾಲಿನಿಂದಲೇ ಬರಬೇಕೆ?

ಬಾರ್ಬರ್‌ಶಾಪ್ ಎಂಬುದು ವಾದ್ಯಗಳ ನೆರವಿಲ್ಲದೆ ನಾಲ್ಕು ಕಂಠಭಾಗಗಳಲ್ಲಿ ಹಾಡುವ ಅಮೆರಿಕದ ಪದ್ಧತಿ. ಹಾಡಿನ ಧಾಟಿಯನ್ನು ಲೀಡ್ ಹಿಡಿಯುತ್ತದೆ. ಅದರ ಮೇಲೆ ಟೆನರ್, ತಳದಲ್ಲಿ ಬೇಸ್, ಇವುಗಳ ನಡುವೆ ಬಿಟ್ಟುಹೋದ ಸ್ವರವನ್ನು ತುಂಬುವುದು ಬ್ಯಾರಿಟೋನ್. 1938ರಲ್ಲಿ ಒಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ ಆರಂಭವಾದ ಗಂಡಸರ ಸಂಘವು ಹೆಂಗಸರಿಗೆ ಪೂರ್ಣ ಸದಸ್ಯತ್ವ ಕೊಟ್ಟದ್ದು 2018ರಲ್ಲಿ. ಹೆಂಗಸರು ಅಲ್ಲಿಯವರೆಗೆ ಕಾಯುತ್ತ ಕೂರಲಿಲ್ಲ ಎಂಬುದು ಸಮಾಧಾನದ ಸಂಗತಿ: ಅದೇ ಟಲ್ಸಾದಲ್ಲಿ 1945ರಲ್ಲಿಯೇ ಎಡ್ನಾ ಮೇ ಆಂಡರ್ಸನ್ ಮತ್ತು ಅವರ ಜೊತೆಗಾರ್ತಿಯರು ಸ್ವೀಟ್ ಅಡೆಲೈನ್ಸ್ ಸಂಸ್ಥೆಯನ್ನು ಕಟ್ಟಿದರು. ಅಂಥ ಮಹಿಳಾ ಕೋರಸ್ಸಿನ ನಿರ್ದೇಶಕಿ ನಿವೃತ್ತಳಾದಾಗ ಆ ಜಾಗಕ್ಕೆ ಹಾಡುವವರಲ್ಲೇ ಒಬ್ಬಳನ್ನು ಬೆಳೆಸಬೇಕೆ, ಹೊರಗಿನಿಂದ ಪಳಗಿದವರನ್ನು ಕರೆತರಬೇಕೆ ಎಂಬುದು ಇಲ್ಲಿಯ ಪ್ರಶ್ನೆ.

ಪರ

ಈ ಸಂಗೀತದ ಜೀವವಿರುವುದು ಒಂದು ಬಗೆಯ ಸ್ವರಗುಚ್ಛದಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಅಂತರ ಗಾಂಧಾರ, ಪಂಚಮ ಮತ್ತು ಕೈಶಿಕಿ ನಿಷಾದ. ನಾಲ್ಕು ಕಂಠಗಳ ಕಂಪನಗಳು 4:5:6:7ರ ಅನುಪಾತಕ್ಕೆ ಬಂದು ನಿಂತಾಗ, ಸಾಲಿನಲ್ಲಿ ಯಾರೂ ಹಾಡದ ಒಂದು ಮೇಲಿನ ಸ್ವರ ಕೇಳಿಸತೊಡಗುತ್ತದೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾವ ತಂತಿಗೂ ಕಟ್ಟದ ಗಾಂಧಾರ ಮೊಳಗುವುದನ್ನು ಕೇಳಿದವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಿಯಾನೊದ ಗಾಂಧಾರವು ಈ ಅನುಪಾತಕ್ಕಿಂತ ಸುಮಾರು 14 ಸೆಂಟ್ ಏರಿರುತ್ತದೆ, ನಿಷಾದವು ಸುಮಾರು 31 ಸೆಂಟ್. ಅರ್ಧಸ್ವರಕ್ಕೆ 100 ಸೆಂಟ್ ಎಂದಾಗ ಇದು ಸಣ್ಣ ವ್ಯತ್ಯಾಸವೇನಲ್ಲ. ಪಿಯಾನೊದ ಮುಂದೆ ಕುಳಿತು ಕಿವಿ ತಿದ್ದಿಕೊಂಡು ಬಂದ ನಿರ್ದೇಶಕರು ಎಷ್ಟೇ ವಿದ್ವಾಂಸರಾಗಿದ್ದರೂ, ನಿಷಾದವನ್ನು ಎಷ್ಟು ಇಳಿಸಿದರೆ ಗುಚ್ಛ ಮೊಳಗುತ್ತದೆ ಎಂಬುದನ್ನು ಹೊಸದಾಗಿಯೇ ಕಲಿಯಬೇಕು. ವರ್ಷಗಟ್ಟಲೆ ಬ್ಯಾರಿಟೋನ್ ಹಾಡಿದವಳಿಗೆ ಅದು ಗಂಟಲಿನಲ್ಲೇ ಗೊತ್ತಿರುತ್ತದೆ.

ಧ್ವನಿಗಳ ತೂಕದ ವಿಚಾರದಲ್ಲಿಯೂ ಇದೇ ಮಾತು. ಸಾಮಾನ್ಯ ವೃಂದಗಾಯನದಲ್ಲಿ ಧಾಟಿ ಬಹುಮಟ್ಟಿಗೆ ಎಲ್ಲಕ್ಕಿಂತ ಮೇಲಿನ ಧ್ವನಿಯಲ್ಲಿ ಇರುವುದರಿಂದ ನಿರ್ದೇಶಕರ ಕಿವಿ ಮೊದಲು ಅತ್ತ ಹೋಗುತ್ತದೆ. ಬಾರ್ಬರ್‌ಶಾಪಿನಲ್ಲಿ ಬೇಸ್ ಮತ್ತು ಲೀಡ್ ತುಂಬಿ ಹಾಡಬೇಕು, ಮೇಲೆ ಹೋದಂತೆ ಧ್ವನಿ ಹಗುರಾಗಬೇಕು, ಟೆನರ್ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿರಬೇಕು. ಬ್ಯಾರಿಟೋನ್ ಒಂದೇ ಸಾಲಿನೊಳಗೆ ಲೀಡಿನ ಕೆಳಗಿನಿಂದ ಮೇಲಕ್ಕೆ ದಾಟುತ್ತದೆ, ಮತ್ತು ದಾಟಿದ ಆ ಕ್ಷಣದಲ್ಲೇ ತನ್ನ ತೂಕವನ್ನು ಇಳಿಸಬೇಕು. ಇದನ್ನು ಬರಹದಿಂದ ಕಲಿಸುವುದು ಕಷ್ಟ. ರೈಸರಿನ, ಅಂದರೆ ಗಾಯಕಿಯರು ಸಾಲುಸಾಲಾಗಿ ನಿಲ್ಲುವ ಮೆಟ್ಟಿಲುಗಳ, ಮೇಲೆ ನಿಂತು, ಅಕ್ಕಪಕ್ಕದವರ ಧ್ವನಿಯಲ್ಲಿ ತನ್ನದನ್ನು ಇಟ್ಟು ನೋಡಿದವರೇ ಇದನ್ನು ಬೇಗ ಹೇಳಿಕೊಡಬಲ್ಲರು.

ಅನುಭವವೂ ಇದರ ಪರವಾಗಿದೆ. ಅರಿಝೋನಾದ ಸ್ಕಾಟ್ಸ್‌ಡೇಲ್ ಕೋರಸ್ಸನ್ನು ಮುನ್ನಡೆಸಿದ ಲೋರಿ ಲೈಫರ್ಡ್, ಟೆಕ್ಸಾಸಿನ ರಿಚ್‌ಟೋನ್ ಕೋರಸ್ಸನ್ನು ದೀರ್ಘಕಾಲ ಮುನ್ನಡೆಸಿದ ಡೇಲ್ ಸೈವರ್ಸನ್, ಇಬ್ಬರೂ ಚಾಂಪಿಯನ್ ಕ್ವಾರ್ಟೆಟ್‌ಗಳಲ್ಲಿ (ನಾಲ್ವರ ತಂಡಗಳಲ್ಲಿ) ಹಾಡಿ ಬಂದವರು. ಮೊದಲು ತನ್ನ ಕಂಠಭಾಗದ ಮುಖ್ಯಸ್ಥೆ, ಬಳಿಕ ಸಹಾಯಕ ನಿರ್ದೇಶಕಿ, ಕೊನೆಗೆ ನಿರ್ದೇಶಕಿ ಎಂಬ ಮೆಟ್ಟಿಲುಗಳು ಇರುವಲ್ಲಿ ಪ್ರತಿಯೊಬ್ಬಳಿಗೂ ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶವಿರುತ್ತದೆ. ಸ್ವೀಟ್ ಅಡೆಲೈನ್ಸ್ ನಡೆಸುವ ನಿರ್ದೇಶಕರ ಪ್ರಮಾಣೀಕರಣ ಕಾರ್ಯಕ್ರಮವೂ ಸಂಗೀತಶಾಸ್ತ್ರ, ಕಂಠಶಿಕ್ಷಣ, ಕೈಸನ್ನೆಗಳ ಕೊರತೆಯನ್ನು ತುಂಬಿಕೊಡುತ್ತದೆ. ಸದಸ್ಯರ ಚಂದಾ ಹಣದಲ್ಲಿ ನಡೆಯುವ ಸಣ್ಣ ಊರಿನ ಕೋರಸ್ಸಿಗೆ ಇದಕ್ಕಿಂತ ಬೇರೆ ದಾರಿ ಎಷ್ಟರಮಟ್ಟಿಗೆ ಇದೆ ಎಂದೂ ಕೇಳಬಹುದು.

ವಿರೋಧ

ಕಿವಿ ಒಳಗಿನಿಂದ ಬರುತ್ತದೆ ಎಂಬ ಮಾತನ್ನು ಒಪ್ಪೋಣ. ಆದರೆ ನಿರ್ದೇಶಕಿಯ ಕೆಲಸದಲ್ಲಿ ಕಿವಿ ಒಂದು ಭಾಗ ಮಾತ್ರ. ಅಭ್ಯಾಸದ ಸಂಜೆಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಹಾಡಿನ ಕೊನೆಯ ಗುಚ್ಛ ಸರಿಹೊಂದಲಿಲ್ಲ. ನಿರ್ದೇಶಕಿ ಕೈ ಎತ್ತಿ ನಿಲ್ಲಿಸುತ್ತಾಳೆ, ಶ್ರುತಿ ಕೊಡುವ ಪಿಚ್ ಪೈಪ್ ಊದುತ್ತಾಳೆ, ಮತ್ತೆ ಹಾಡಿಸುತ್ತಾಳೆ, ಮತ್ತೆ ಸರಿಯಾಗುವುದಿಲ್ಲ. ಏನೋ ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತು. ಅದು ಲೀಡ್‌ಗಳ ಅ, ಇ ಮುಂತಾದ ಸ್ವರಾಕ್ಷರಗಳ ಉಚ್ಚಾರ ಅಗಲವಾದದ್ದರಿಂದಲೋ, ಬೇಸ್‌ಗಳ ಉಸಿರು ಮುಗಿದದ್ದರಿಂದಲೋ, ಟೆನರ್‌ಗಳ ನಾಲಿಗೆಯ ಬುಡ ಬಿಗಿದದ್ದರಿಂದಲೋ ಎಂದು ಕಂಡುಹಿಡಿದು ಮೂರೇ ಮಾತಿನಲ್ಲಿ ಪರಿಹಾರ ಹೇಳುವುದಕ್ಕೆ ಕಂಠಶಾಸ್ತ್ರದ ಓದು ಬೇಕು. ಮಹಿಳಾ ಬಾರ್ಬರ್‌ಶಾಪಿನಲ್ಲಿ ಇದು ಇನ್ನಷ್ಟು ಮುಖ್ಯ, ಏಕೆಂದರೆ ಬೇಸ್ ಹಾಡುವ ಹೆಂಗಸರು ತಮ್ಮ ವ್ಯಾಪ್ತಿಯ ತಳದಲ್ಲಿಯೇ ಬಹುಕಾಲ ಕೆಲಸ ಮಾಡುತ್ತಾರೆ, ಮತ್ತು ತಳದ ಸ್ವರವನ್ನು ಒತ್ತಿ ಹಾಡುವ ಚಾಳಿ ಗಂಟಲನ್ನು ದಣಿಸುತ್ತದೆ. ಆ ಚಾಳಿಯಲ್ಲೇ ಬೆಳೆದವಳು ನಿರ್ದೇಶಕಿಯಾದರೆ ಅದನ್ನೇ ಶೈಲಿ ಎಂದು ಮುಂದಿನವರಿಗೆ ದಾಟಿಸುತ್ತಾಳೆ.

ಸಂಬಂಧಗಳ ತೊಡಕನ್ನು ಪರವಾದಿಗಳು ಮಾತೇ ಆಡದೆ ದಾಟಿಬಿಡುತ್ತಾರೆ. ನಿನ್ನೆಯವರೆಗೆ ಪಕ್ಕದಲ್ಲಿ ನಿಂತು ಹಾಡುತ್ತಿದ್ದ ಗೆಳತಿಗೆ, ನಿನ್ನ ಧ್ವನಿ ಈ ಹಾಡಿಗೆ ಹೊಂದುತ್ತಿಲ್ಲ, ಸ್ಪರ್ಧೆಯ ದಿನ ನೀನು ರೈಸರಿನ ಮೇಲೆ ಇರುವಂತಿಲ್ಲ ಎಂದು ಹೇಳುವುದು ಎಷ್ಟು ಮಂದಿಗೆ ಸಾಧ್ಯ? ಹೇಳದಿದ್ದರೆ ಹಾಡು ಕೆಡುತ್ತದೆ. ಹೇಳಿದರೆ ಗುಂಪು ಒಡೆಯುತ್ತದೆ. ಹೊರಗಿನವರ ಮೇಲೂ ಸಿಟ್ಟು ಬರುತ್ತದೆ ನಿಜ, ಆದರೆ ಆ ಸಿಟ್ಟಿಗೆ ಹಳೆಯ ಸ್ನೇಹದ ಬಾಕಿ ಸೇರಿಕೊಂಡಿರುವುದಿಲ್ಲ.

ಒಳಗಿನವರಿಂದಲೇ ಆರಿಸಬೇಕು ಎಂದಾಗ ಒಳಗೆ ಇರುವವರು ಯಾರು ಎಂಬುದನ್ನೂ ಕೇಳಬೇಕಾಗುತ್ತದೆ. ಸ್ವೀಟ್ ಅಡೆಲೈನ್ಸ್ 1958ರಲ್ಲಿ ಸದಸ್ಯತ್ವವನ್ನು ಬಿಳಿಯ ಹೆಂಗಸರಿಗೆ ಸೀಮಿತಗೊಳಿಸಿತು. ಅದನ್ನು ಒಪ್ಪದ ಕೆಲವು ಘಟಕಗಳು ಹೊರಬಂದು 1959ರಲ್ಲಿ ಹಾರ್ಮನಿ ಇಂಕ್ ಎಂಬ ಪ್ರತ್ಯೇಕ ಸಂಸ್ಥೆ ಕಟ್ಟಿದವು. ನಿರ್ಬಂಧ ತೆರವಾಗಲು 1966ರವರೆಗೆ ಕಾಯಬೇಕಾಯಿತು. ಆ ವರ್ಷಗಳಲ್ಲಿ ಸಾಲಿನಿಂದಲೇ ನಾಯಕಿಯನ್ನು ಬೆಳೆಸುವ ನಿಯಮವಿದ್ದಲ್ಲಿ, ಬಾಗಿಲಲ್ಲಿ ತಡೆದವರನ್ನು ವೇದಿಕೆಯಿಂದಲೂ ತಡೆದಂತಾಗುತ್ತಿತ್ತು. ಇಂದು ಅಂಥ ಕಟ್ಟಳೆ ಇಲ್ಲ. ಆದರೂ ಪರಿಚಿತರು ಪರಿಚಿತರನ್ನೇ ಕರೆತರುವ ಗುಂಪುಗಳಲ್ಲಿ ಆಯ್ಕೆಯ ವಲಯ ತಾನಾಗಿಯೇ ಕಿರಿದಾಗುತ್ತದೆ.

ಪ್ರಮಾಣೀಕರಣದ ಬಗ್ಗೆಯೂ ನನಗೆ ಅನುಮಾನವಿದೆ. ಮಾಸ್ಟರ್ ಡೈರೆಕ್ಟರ್ ಎಂಬ ಮೇಲಿನ ಪದವಿಯು ಕೋರಸ್ ಸ್ಪರ್ಧೆಯಲ್ಲಿ ಗಳಿಸಿದ ಅಂಕಗಳಿಗೆ ಕಟ್ಟಿಹಾಕಿದ್ದು. ಬಲವಾದ ಕೋರಸ್ಸನ್ನು ಆನುವಂಶಿಕವಾಗಿ ಪಡೆದವಳಿಗೆ ಆ ಅಂಕ ಸುಲಭ; ಇಪ್ಪತ್ತು ಜನರ ಹೊಸ ಗುಂಪನ್ನು ಕಟ್ಟಿ ನಿಲ್ಲಿಸಿದವಳಿಗೆ ಅದು ಎಟುಕುವುದೇ ಕಷ್ಟ. ಮಹಿಳಾ ಕೋರಸ್ಸನ್ನು ಎತ್ತರಕ್ಕೆ ಒಯ್ಯಲು ಆ ಸಾಲಿನಲ್ಲಿ ನಿಂತಿರಲೇಬೇಕು ಎಂಬ ವಾದಕ್ಕೆ ಷಿಕಾಗೋ ಬಳಿಯ ಮೆಲೋಡಿಯರ್ಸ್ ಕೋರಸ್ಸೇ ಉತ್ತರ: ಹಲವು ಬಾರಿ ಅಂತರರಾಷ್ಟ್ರೀಯ ಚಾಂಪಿಯನ್ ಆದ ಆ ಕೋರಸ್ಸನ್ನು ದೀರ್ಘಕಾಲ ಮುನ್ನಡೆಸಿದವರು ಜಿಮ್ ಆರ್ನ್ಸ್ ಎಂಬ ಗಂಡಸು.

ಸಹಾಯಕ ನಿರ್ದೇಶಕಿಯನ್ನು ಬದಿಗೊತ್ತಿ ಎಂದು ನಾನು ಹೇಳುತ್ತಿಲ್ಲ. ಅವಳೂ ಅರ್ಜಿ ಹಾಕಲಿ, ಹೊರಗಿನವರೂ ಹಾಕಲಿ. ಇಬ್ಬರ ಕೈಗೂ ಕೋರಸ್ ಹಿಂದೆ ಹಾಡದ ಒಂದೇ ಹಾಡನ್ನು ಕೊಟ್ಟು, ಒಂದು ಸಂಜೆಯ ಅಭ್ಯಾಸವನ್ನು ಪೂರ್ತಿ ಒಪ್ಪಿಸಿ, ಹಾಡಿದವರಿಂದ ಗುಪ್ತಮತ ಪಡೆದರೆ ಸಾಕು.