ಕೋಳಿ ತರೋ ಮೊದಲು, ಸಂಜೆ ಬಾಗಿಲು ಹಾಕೋರು ಯಾರು ಅಂತ ತೀರ್ಮಾನ ಮಾಡಿ

ಶ್ರೀರಂಗಪಟ್ಟಣ, ಪಾಂಡವಪುರ, ಟಿ. ನರಸೀಪುರ, ನಂಜನಗೂಡು ಸುತ್ತಮುತ್ತ ಇಪ್ಪತ್ತು ಗುಂಟೆಯೋ ಒಂದು ಎಕರೆಯೋ ತೋಟ ಮಾಡಿಕೊಂಡವರು ತೆಂಗು, ನುಗ್ಗೆ, ಎರಡು ಸಾಲು ಬಾಳೆ ಹಾಕಿ ಮುಗಿಸಿದ ಮೇಲೆ ಕೇಳೋ ಪ್ರಶ್ನೆ ಒಂದೇ: "ಒಂದಷ್ಟು ಕೋಳಿ ಬಿಡೋಣ ಅಂತಿದೀವಿ, ಯಾವ ತಳಿ ಒಳ್ಳೇದು?" ತಳಿ ಆಮೇಲಿನ ಮಾತು. ಸೂರ್ಯ ಮುಳುಗಿ ಕಾಲು ಗಂಟೆಯೊಳಗೆ, ಅಂದರೆ ಡಿಸೆಂಬರಿನಲ್ಲಿ ಆರೂಕಾಲಕ್ಕೆ, ಜೂನಿನಲ್ಲಿ ಏಳಕ್ಕೆ, ಗೂಡಿನ ಬಾಗಿಲು ಹಾಕಿ ತಲೆ ಎಣಿಸೋರು ಯಾರು? ಸಂಕ್ರಾಂತಿ ದಿನ ಯಾರು? ಊರಲ್ಲಿ ಮದುವೆ ಇದ್ದ ದಿನ ಯಾರು? ಈ ಪ್ರಶ್ನೆಗೆ ಒಬ್ಬರ ಹೆಸರು ಹೇಳೋಕೆ ಆಗದಿದ್ದರೆ ಕೋಳಿ ತರಬೇಡಿ. ಶನಿವಾರ, ಭಾನುವಾರ ಮಾತ್ರ ಹೋಗಿಬರೋ ತೋಟಕ್ಕೆ ಕೋಳಿ ಬೇಡವೇ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ.

"ನಾಟಿ ಕೋಳಿ ತಾನೇ ಮೇಯ್ಕೊಳುತ್ತೆ, ಖರ್ಚೇ ಇಲ್ಲ" ಅನ್ನೋ ಮಾತು ಸುಳ್ಳಲ್ಲ. ಆದರೆ ಅದು ಹಳ್ಳಿ ಮನೆಯ ಮಾತು. ಅಲ್ಲಿ ಇಡೀ ದಿನ ಯಾರಾದರೂ ಮನೆಯಲ್ಲೇ ಇರೋರು. ಕೊಟ್ಟಿಗೆ ಇತ್ತು, ಹುಳ ತುಂಬಿದ ತಿಪ್ಪೆ ಇತ್ತು, ಕಣದಲ್ಲಿ ಉದುರಿದ ರಾಗಿ, ಭತ್ತ ಇತ್ತು. ಸಂಜೆ ಆದರೆ ಅಜ್ಜಿ ಪಿಳ್ಳೆಗಳ ಸಮೇತ ತಾಯಿಕೋಳಿ ಮೇಲೆ ಮಂಕರಿ ಮುಚ್ಚಿ ಮೇಲೊಂದು ಕಲ್ಲು ಹೇರೋರು. ಡ್ರಿಪ್ ಎಳೆದು, ಕಳೆ ತೆಗೆದು ಸ್ವಚ್ಛ ಮಾಡಿರೋ ಹೊಸ ತೋಟದಲ್ಲಿ ಇದರಲ್ಲಿ ಒಂದೂ ಇಲ್ಲ. ತಿಪ್ಪೆ ಕೊಡುತ್ತಿದ್ದ ಮೇವನ್ನು ಅಲ್ಲಿ ದುಡ್ಡು ಕೊಟ್ಟು ತರಬೇಕು, ಅಜ್ಜಿ ಮಾಡುತ್ತಿದ್ದ ಕಾವಲನ್ನು ಗೂಡು ಮಾಡಬೇಕು.

ಹಾಗಾಗಿ ಮೊದಲು ಗೂಡು. ಹನ್ನೆರಡು ಹ್ಯಾಟೆ, ಒಂದು ಹುಂಜಕ್ಕೆ ಆರು ಅಡಿ ಉದ್ದ, ಐದು ಅಡಿ ಅಗಲ ಸಾಕು, ತಲೆಗೆ ಎರಡು ಚದರಡಿಗಿಂತ ಸ್ವಲ್ಪ ಹೆಚ್ಚೇ ಸಿಗುತ್ತೆ. ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ, ಬಿಸಿಲು ಒಳಗೆ ನುಗ್ಗಲ್ಲ. ನಾಲ್ಕು ಕಲ್ಲುಕಂಬದ ಮೇಲೆ ನೆಲದಿಂದ ಎರಡು ಅಡಿ ಎತ್ತರಿಸಿದರೆ ಮಳೆಗಾಲದ ತೇವ, ಇಲಿ, ಹಾವಿನ ಕಾಟ ಅರ್ಧಕ್ಕರ್ಧ ಕಡಿಮೆ. ಶೀಟ್ ಹೊದಿಸೋದಾದರೆ ಮೇಲೆ ತೆಂಗಿನ ಸೋಗೆ ಹಾಸಿ. ಮಂಡ್ಯದ ಏಪ್ರಿಲ್ ಬಿಸಿಲಿಗೆ ಬರಿಯ ಶೀಟಿನ ಕೆಳಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತೆ, ಮೊಟ್ಟೆಯ ಸಿಪ್ಪೆ ತೆಳ್ಳಗಾಗುತ್ತೆ.

ಹೆಚ್ಚಿನವರು ಸೋಲೋದು ಜಾಲರಿಯಲ್ಲಿ. ಅಂಗಡಿಯಲ್ಲಿ "ಕೋಳಿ ಮೆಶ್" ಅಂತ ಕೊಡೋ ಆರುಮೂಲೆಯ ತೆಳು ತಂತಿ ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತೆ, ನಾಯಿ ಒಳಗೆ ಬರೋದನ್ನು ತಡೆಯಲ್ಲ. ನಾಯಿ ಹಲ್ಲು ಹಾಕಿ ಎಳೆದರೆ ಹರಿದೇ ಹೋಗುತ್ತೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ. ಎರಡು ಇಂಚು ಸಂದು ಸಿಕ್ಕರೆ ಮುಂಗುಸಿ ಒಳಗೆ. ಒಂದನ್ನು ಕೊಂದು ಹೊತ್ತುಕೊಂಡು ಹೋಗಿ ಸುಮ್ಮನಾಗೋ ಪ್ರಾಣಿ ಅಲ್ಲ ಅದು, ಮುಚ್ಚಿದ ಗೂಡಿಗೆ ನುಗ್ಗಿದರೆ ಸಿಕ್ಕಷ್ಟರ ಕುತ್ತಿಗೆ ಕಚ್ಚಿ ಹಾಕುತ್ತೆ. ಗೂಡು ನೆಲದ ಮೇಲೇ ಇದ್ದರೆ ಸುತ್ತಲೂ ಒಂದು ಅಡಿ ಆಳಕ್ಕೆ ಮೆಶ್ ಹೂತು, ತುದಿಯನ್ನು ಹೊರಕ್ಕೆ ಮಡಚಿ ಮಣ್ಣು ಮುಚ್ಚಿ. ಬಾಗಿಲಿಗೆ ಬರೀ ಚಿಲಕ ಸಾಲದು, ಕೊಂಡಿಗೆ ಒಂದು ಕೊಕ್ಕೆಯನ್ನೂ ಹಾಕಿ. ಪಕ್ಕದ ಗದ್ದೆಯ ಕಬ್ಬು ಕಟಾವಾಗೋ ವಾರ ಇನ್ನೂ ಎಚ್ಚರ ಬೇಕು. ವರ್ಷವಿಡೀ ಆ ಕಬ್ಬಿನೊಳಗೆ ಅಡಗಿದ್ದ ಮುಂಗುಸಿ, ಕಾಡುಬೆಕ್ಕು, ನರಿಗೆ ಮರೆಯೇ ಇಲ್ಲದ ಹಾಗಾಗಿ ನಿಮ್ಮ ಬೇಲಿ ಕಡೆ ಬರುತ್ತವೆ. ಆ ನಾಲ್ಕೈದು ದಿನ ಕೋಳಿಯನ್ನು ಹೊರಗೆ ಬಿಡದೆ ಕೂಡಿಹಾಕಿ ಮೇವು ಹಾಕೋದೇ ಕ್ಷೇಮ.

ಒಳಗೆ ಎರಡಡಿ ಎತ್ತರದಲ್ಲಿ ಎರಡು ಇಂಚು ಅಗಲದ, ಅಂಚು ಉಜ್ಜಿ ನುಣುಪು ಮಾಡಿದ ಮರದ ಪಟ್ಟಿ ಕಟ್ಟಿ, ಕೋಳಿಗೆ ಎಂಟು ಇಂಚಿನ ಲೆಕ್ಕದಲ್ಲಿ. ನಾಲ್ಕು ಹ್ಯಾಟೆಗೆ ಒಂದರಂತೆ ಒಂದಡಿ ಚೌಕದ ಮೊಟ್ಟೆಗೂಡು, ಮಲಗೋ ಪಟ್ಟಿಗಿಂತ ಕೆಳಗೆ ಇರಲಿ. ಮೇಲಿಟ್ಟರೆ ಅದರಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ, ಮೊಟ್ಟೆಯೆಲ್ಲ ಗಲೀಜು. ನೆಲಕ್ಕೆ ರೈಸ್ ಮಿಲ್ಲಿನ ಭತ್ತದ ಹೊಟ್ಟು ಮೂರ್ನಾಲ್ಕು ಇಂಚು, ವಾರಕ್ಕೆ ಎರಡು ಸಲ ಕೆದಕಿ. ಹೊಟ್ಟು ಸರಿಯಿದೆಯೋ ಇಲ್ಲವೋ ನೋಡೋಕೆ ನಿಂತು ಮೂಸಬೇಡಿ, ಕುಕ್ಕರುಗಾಲಲ್ಲಿ ಕೂತು ಕೋಳಿಯ ಮೂಗಿನ ಮಟ್ಟದಲ್ಲಿ ಉಸಿರೆಳೆದು ನೋಡಿ. ಕಣ್ಣು ಚುರುಗುಟ್ಟಿದರೆ ಅಮೋನಿಯಾ ಹೆಚ್ಚಾಗಿದೆ ಅಂತ ಅರ್ಥ. ಚಳಿಗೆ ಅಂತ ನಾಲ್ಕೂ ಕಡೆ ಪ್ಲಾಸ್ಟಿಕ್ ಬಿಗಿದ ಗೂಡಿನಲ್ಲಿ ಕೋಳಿಗೆ ಗೊರಗೊರ, ಕಣ್ಣೂತ ಬರೋದು ಚಳಿಯಿಂದಲ್ಲ, ಈ ಗಾಳಿಯಿಂದ. ಗೋಣಿ ಕಟ್ಟೋದಾದರೆ ಕೆಳಗಿನ ಮೂರಡಿ ಕಟ್ಟಿ, ಮೇಲೆ ಗಾಳಿಗೆ ಬಿಡಿ.

ಈಗ ತಳಿ. ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲೇ ಅಭಿವೃದ್ಧಿಯಾದ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತೆ, ಸ್ವರ್ಣಧಾರ 180ರ ಮೇಲೆ. ನಾಟಿ 60, 70 ಇಟ್ಟರೆ ಹೆಚ್ಚು. ಆದರೆ ನಾಟಿ ಕಾವಿಗೆ ಕೂರುತ್ತೆ, ಗಿಡುಗ ಕಂಡರೆ ಪಿಳ್ಳೆ ಕರೆದು ಬೇಲಿಯೊಳಗೆ ನುಗ್ಗುತ್ತೆ, ಬೇಕಾದರೆ ಮರ ಹತ್ತುತ್ತೆ. ಗಿರಿರಾಜ ಮೈಭಾರದ ಕೋಳಿ, ಆ ಚುರುಕಿಲ್ಲ, ಮೇವೂ ಹೆಚ್ಚು ಬೇಕು. ಅದರ ಮೊಟ್ಟೆಯನ್ನೇ ಮರಿ ಮಾಡಿಸಿದರೆ ಮುಂದಿನ ಪೀಳಿಗೆ ಅಷ್ಟೇ ಇಳುವರಿ ಕೊಡಲ್ಲ, ಪ್ರತಿ ಸಲ ಹೊಸ ಮರಿ ತರಬೇಕು. ಮನೆಗೆ ಮೊಟ್ಟೆ ಬೇಕು ಅನ್ನೋರಿಗೆ ಎಂಟು ಸ್ವರ್ಣಧಾರ, ನಾಲ್ಕು ನಾಟಿ ಹ್ಯಾಟೆ ಒಳ್ಳೆಯ ಲೆಕ್ಕ. ಮೊದಲ ವರ್ಷಕ್ಕೆ ಕಪ್ಪು ಮಾಂಸದ ಕಡಕನಾಥ್ ತಳಿ ಬೇಡ.

ದಿನದ ಮರಿ ತರೋದಾದರೆ ಮರಿ ಬರೋ ಹಿಂದಿನ ರಾತ್ರಿಯೇ ಕಾವು ಹೊತ್ತಿಸಿ ನೋಡಿ. ಇಪ್ಪತ್ತೈದು ಮರಿಗೆ ನಾಲ್ಕಡಿ ಅಗಲದ ದುಂಡನೆ ಆವರಣ, ಒಂದೂವರೆ ಅಡಿ ಎತ್ತರದ ತಗಡೋ ರಟ್ಟೋ ಸುತ್ತಿ. ಮೂಲೆ ಇರಬಾರದು, ಚಳಿಯಾದಾಗ ಮರಿಗಳು ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ. ಬಲ್ಬಿನ ವಿಷಯದಲ್ಲಿ ಈಗೀಗ ಆಗುತ್ತಿರೋ ದೊಡ್ಡ ತಪ್ಪು ಎಲ್‌ಇಡಿ. ಅದು ಬೆಳಕು ಕೊಡುತ್ತೆ, ಕಾವು ಕೊಡಲ್ಲ. ಹಳೇ ತಂತಿ ಬಲ್ಬೇ ಬೇಕು. 60 ವ್ಯಾಟಿನವು ಎರಡು ಹಾಕಿ, ಒಂದು ಹೋದರೂ ಇನ್ನೊಂದು ಉಳಿಯುತ್ತೆ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸಿ, ಅಂದರೆ ಬಲ್ಬನ್ನು ಸ್ವಲ್ಪ ಸ್ವಲ್ಪ ಮೇಲಕ್ಕೆತ್ತಿ. ಥರ್ಮಾಮೀಟರಿಗಿಂತ ಮರಿಗಳೇ ಸರಿಯಾಗಿ ಹೇಳುತ್ತವೆ. ರಾತ್ರಿ ಹತ್ತಕ್ಕೊಮ್ಮೆ, ಬೆಳಗಿನ ಜಾವ ನಾಲ್ಕಕ್ಕೊಮ್ಮೆ ಸದ್ದು ಮಾಡದೆ ಹೋಗಿ ನೋಡಿ. ಬಲ್ಬಿನ ಕೆಳಗೆ ಗುಡ್ಡೆ ಬಿದ್ದು ಕೀಚ್ ಕೀಚ್ ಅಂತ ಒಂದೇ ಸಮ ಅರಚುತ್ತಿದ್ದರೆ ಕಾವು ಸಾಲದು. ತಗಡಿಗಂಟಿ ಬಾಯಿ ತೆರೆದು ರೆಕ್ಕೆ ಇಳಿಬಿಟ್ಟಿದ್ದರೆ ಹೆಚ್ಚಾಗಿದೆ. ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಕಡೆಯಿಂದ ಗಾಳಿ ಹೊಡೆಯುತ್ತಿದೆ. ಅಲ್ಲಲ್ಲಿ ಹರಡಿ, ಕೆಲವು ತಿನ್ನುತ್ತಾ ಕೆಲವು ಕಾಲು ಚಾಚಿ ಮಲಗಿದ್ದರೆ ನೀವೂ ಹೋಗಿ ಮಲಗಬಹುದು.

ಕರೆಂಟ್ ಹೋದರೆ ಏನು ಮಾಡೋದು ಅನ್ನೋದನ್ನೂ ಮೊದಲೇ ಇಟ್ಟುಕೊಳ್ಳಿ. ಬಿಸಿನೀರು ತುಂಬಿದ ಬಾಟಲಿಗಳಿಗೆ ಗೋಣಿ ಸುತ್ತಿ ನಡುವೆ ಇಟ್ಟರೆ ಎರಡು ಗಂಟೆ ನಡೆಯುತ್ತೆ. ಕೆಂಡದ ಮಡಕೆ ಇಡೋರು ಕೋಣೆಯ ಕಿಟಕಿ ತೆರೆದಿಡಿ, ಮುಚ್ಚಿದ ಕೋಣೆಯಲ್ಲಿ ಕೆಂಡದ ಗಾಳಿ ಮರಿಗೂ ಆಳಿಗೂ ಪ್ರಾಣಕ್ಕೆ ಅಪಾಯ. ಮೊದಲ ದಿನ ಬೆಲ್ಲದ ನೀರು, ಆಳವಿಲ್ಲದ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ಕೊಡಿ, ಇಲ್ಲದಿದ್ದರೆ ಮುಳುಗುತ್ತವೆ. ಬರೀ ನ್ಯೂಸ್‌ಪೇಪರ್ ಮೇಲೆ ಬಿಟ್ಟರೆ ಕಾಲು ಜಾರಿ ಅಗಲಿಕೊಂಡು ಹೆಳವಾಗುತ್ತವೆ, ಒರಟು ರಟ್ಟು ಹಾಸಿ. ಹಿಂಬದಿಗೆ ಹಿಕ್ಕೆ ಮೆತ್ತಿಕೊಂಡು ಒಣಗಿದ್ದರೆ ಬಿಸಿನೀರಿನ ಹತ್ತಿಯಿಂದ ನೆನೆಸಿ ತೆಗೆಯಿರಿ, ಕೀಳಬೇಡಿ.

ಲಸಿಕೆ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಔಷಧ ಇಲ್ಲ. ಹಸಿರು ಬಿಳಿ ಭೇದಿ, ಕತ್ತು ತಿರುಚೋದು, ವಾರದಲ್ಲಿ ಗೂಡು ಖಾಲಿ. ತಡೆಯೋ ಲಸಿಕೆ ಅಗ್ಗ. ಆದರೆ ಸೀಸೆ ಬರೋದು ನೂರಿನ್ನೂರು ಕೋಳಿಯ ಲೆಕ್ಕದಲ್ಲಿ, ಹನ್ನೆರಡು ಕೋಳಿಯವರು "ಇಷ್ಟಕ್ಕೆ ಯಾಕೆ" ಅಂತ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸಿ. ನಿಮ್ಮ ಕೋಳಿಗೆ ಹಾಕಿ ಪಕ್ಕದ ಮನೆಯದಕ್ಕೆ ಬಿಟ್ಟರೆ ರೋಗ ಬೇಲಿ ಪಕ್ಕದಲ್ಲೇ ಇರುತ್ತೆ. 5ರಿಂದ 7ನೇ ದಿನ ರಾಣಿಖೇತ್ ತಡೆಯೋ ಲಸೋಟ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. 14ನೇ ದಿನ ಗಂಬೋರೊ ರೋಗದ ಲಸಿಕೆ. 28ನೇ ದಿನ ಮತ್ತೆ ಲಸೋಟ. ಆರನೇ ವಾರ ಸಿಡುಬಿನದು. ನಾಲೆ ಬಯಲಿನಲ್ಲಿ ಸೊಳ್ಳೆ ಹೆಚ್ಚು, ಕೋಳಿ ಸಿಡುಬು ಹೆಚ್ಚಾಗಿ ಹರಡೋದು ಸೊಳ್ಳೆಯಿಂದ, ಹಾಗಾಗಿ ಇದನ್ನು ಬಿಡಬೇಡಿ. ಎಂಟನೇ ವಾರ ರಾಣಿಖೇತ್‌ನದೇ ಇನ್ನೊಂದು ಲಸಿಕೆ, ಆರ್‌2ಬಿ ಅನ್ನೋ ಚುಚ್ಚುಮದ್ದು, ಅರ್ಧ ಎಂ.ಎಲ್., ಅದಕ್ಕೆ ಒಂದು ವಾರ ಮುಂಚೆ ಜಂತುಹುಳದ ಔಷಧ. ಪಶು ಆಸ್ಪತ್ರೆಯಿಂದ ತರುವಾಗ ಐಸ್ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ. ಜೇಬಿನಲ್ಲಿ ಇಟ್ಟುಕೊಂಡು ಬೈಕಿನಲ್ಲಿ ತಂದ ಲಸಿಕೆ ದಾರಿಯಲ್ಲೇ ಸತ್ತಿರುತ್ತೆ, ಆಮೇಲೆ "ಲಸಿಕೆ ಹಾಕಿದರೂ ಸತ್ತವು" ಅನ್ನೋ ಮಾತು ಹುಟ್ಟುತ್ತೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ನಾಳೆಗೆ ಇಡಬೇಡಿ.

ಮೇವಿನ ಲೆಕ್ಕ ಹೀಗೆ. ಪೂರ್ತಿ ಕೂಡಿಹಾಕಿದ ಮೊಟ್ಟೆಕೋಳಿಗೆ ದಿನಕ್ಕೆ 110ರಿಂದ 120 ಗ್ರಾಂ ಬೇಕು. ಒಳ್ಳೆ ಹುಲ್ಲು, ತರಗು, ಹುಳ ಇರೋ ಜಾಗದಲ್ಲಿ ಬಿಟ್ಟರೆ ಅದರ ಅರ್ಧ, 50, 60 ಗ್ರಾಂ ನೀವು ಹಾಕಬೇಕು. ಹನ್ನೆರಡಕ್ಕೆ ತಿಂಗಳಿಗೆ ಇಪ್ಪತ್ತು ಕೆಜಿ ಹತ್ತಿರ. ಮನೆಯಲ್ಲೇ ಕಲಸೋದಾದರೆ ಸುಮಾರು ಹತ್ತು ಕೆಜಿಗೆ ಒಡೆದ ಮುಸುಕಿನ ಜೋಳ 5 ಕೆಜಿ, ಸೋಯಾ ಹಿಂಡಿ 2, ಅಕ್ಕಿ ನುಚ್ಚು 1, ತೌಡು 1, ಕಪ್ಪೆಚಿಪ್ಪಿನ ಪುಡಿ 700 ಗ್ರಾಂ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 30 ಗ್ರಾಂ. ಇದು ಮೊಟ್ಟೆ ಇಡೋ ಕೋಳಿಗೆ ಮಾತ್ರ. ಇಷ್ಟು ಸುಣ್ಣದಂಶ ಮರಿಯ ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡುತ್ತೆ, ಮರಿಗೆ ಬೇರೆ ಮೇವು, ಬೇರೆ ತಟ್ಟೆ. ಮುಗ್ಗಲು ಹಿಡಿದ ಜೋಳವನ್ನು "ಕೋಳಿಗೆ ತಾನೇ" ಅಂತ ಹಾಕಬೇಡಿ. ಬೂಷ್ಟಿನ ವಿಷ ಯಕೃತ್ತಿಗೆ ಹೋಗಿ ಮೊದಲು ಮೊಟ್ಟೆ ನಿಲ್ಲುತ್ತೆ, ಆಮೇಲೆ ಕೋಳಿ. ರೇಷ್ಮೆ ಬಿಚ್ಚೋ ಕಡೆ ಸಿಗೋ ಒಣಗಿದ ಕೋಶದ ಹುಳ ಒಳ್ಳೆ ಸತ್ವ, ಆದರೆ ಒಂದು ಹಿಡಿಗಿಂತ ಹೆಚ್ಚಾದರೆ ಮೊಟ್ಟೆಗೇ ಆ ವಾಸನೆ ಬರುತ್ತೆ. ಸಗಣಿ, ಹುಲ್ಲು ತುಂಬಿ ನೆನೆಸಿದ ಮಡಕೆಯನ್ನು ಗೆದ್ದಲು ಇರೋ ಕಡೆ ಬೋರಲು ಹಾಕಿ ಮಾರನೇ ದಿನ ಎತ್ತಿದರೆ ಪಿಳ್ಳೆಗಳಿಗೆ ಹಬ್ಬ. ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಮೇವು ನನಗೆ ಗೊತ್ತಿಲ್ಲ.

ಪಕ್ಕದ ಗದ್ದೆಯವರ ಹತ್ತಿರ ಮಾತಾಡಿಕೊಂಡಿರಿ. ಭತ್ತಕ್ಕೆ ಗುಳಿಗೆ ಔಷಧ ಎರಚಿದ ದಿನ, ಔಷಧ ಹಚ್ಚಿದ ಬೀಜ ಬಿತ್ತಿದ ದಿನ, ಇಲಿಪಾಷಾಣ ಇಟ್ಟ ದಿನ ನಿಮ್ಮ ಕೋಳಿ ಅತ್ತ ಹೋಗಬಾರದು. ನಿಮ್ಮ ಕೋಳಿ ಅವರ ಸಸಿಮಡಿ ಕೆದಕಿದರೆ ತಪ್ಪು ನಿಮ್ಮದೇ, ಅದನ್ನು ಮೊದಲೇ ಒಪ್ಪಿಕೊಂಡರೆ ಔಷಧ ಹೊಡೆಯೋ ದಿನ ಅವರೇ ಕೂಗಿ ಹೇಳುತ್ತಾರೆ.

ಮಳೆಗಾಲದಲ್ಲಿ ಮೂರರಿಂದ ಎಂಟು ವಾರದ ಮರಿ ಗುಮ್ಮನೆ ಕೂತು, ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ, ಒದ್ದೆ ಹೊಟ್ಟಿನ ಕಾಯಿಲೆ. ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಆಂಪ್ರೋಲಿಯಂ ನೀರಿಗೆ ಹಾಕಿ, ಜೊತೆಗೆ ಆ ಹೊಟ್ಟನ್ನೆಲ್ಲ ಎತ್ತಿ ಹೊಸದು ಹಾಸಿ. ಹೊಟ್ಟು ಬದಲಿಸದೆ ಬರೀ ಔಷಧ ಹಾಕಿದರೆ ಎರಡು ವಾರಕ್ಕೆ ಮತ್ತೆ ಬರುತ್ತೆ. ಒಂದೇ ದಿನ ಮೂರ್ನಾಲ್ಕು ದೊಡ್ಡ ಕೋಳಿ ಕಾರಣವಿಲ್ಲದೆ ಸತ್ತರೆ ಕುಯ್ಯಬೇಡಿ, ತಿನ್ನಬೇಡಿ, ನಾಲೆಗೆ ಎಸೆಯಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. 2020ರ ಮಾರ್ಚ್‌ನಲ್ಲಿ ಮೈಸೂರಿನಲ್ಲೇ ಹಕ್ಕಿಜ್ವರ ದೃಢಪಟ್ಟು ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲಬೇಕಾಯಿತು. ಬೇರೆ ಕಾರಣಕ್ಕೆ ಸತ್ತ ಕೋಳಿಯನ್ನೂ ಮೂರಡಿ ಆಳದಲ್ಲಿ ಸುಣ್ಣ ಹಾಕಿ ಹೂಳಿ. ಬೇಲಿಯಾಚೆ ಬಿಸಾಡಿದರೆ ನಾಯಿ ಬರುತ್ತೆ, ನಾಯಿ ಇದ್ದ ಕಡೆ ಚಿರತೆ ಬರುತ್ತೆ. ಟಿ. ನರಸೀಪುರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮರಿ ಮಾಡಿಸೋದು. ನಾಟಿ ಹ್ಯಾಟೆ ಕಾವಿಗೆ ಕೂತಾಗ ಹತ್ತು, ಹನ್ನೆರಡು ಮೊಟ್ಟೆ ಇಡಿ, ಒಂದು ವಾರಕ್ಕಿಂತ ಹಳೆಯವು ಬೇಡ. ಹತ್ತು ಹ್ಯಾಟೆಗೆ ಒಂದು ಹುಂಜ ಇದ್ದರೆ ಮೊಟ್ಟೆಯಿಂದ ಮರಿ ಆಗುತ್ತೆ. ಏಳನೇ ರಾತ್ರಿ ಟಾರ್ಚ್ ಹಿಡಿದು ನೋಡಿ, ಜೇಡರ ಬಲೆಯ ಹಾಗೆ ಕೆಂಪು ನರ ಕಂಡರೆ ಇರಲಿ, ತಿಳಿಯಾಗಿದ್ದರೆ ತೆಗೆಯಿರಿ. ಹದಿನೆಂಟನೇ ದಿನದಿಂದ ಮುಟ್ಟಬೇಡಿ. ಕೂರಿಸೋ ಮೊದಲು ಗೂಡಿನ ತಳಕ್ಕೆ ಒಲೆ ಬೂದಿ ಹಾಕಿ, ಇಲ್ಲದಿದ್ದರೆ ಹೇನಿನ ಕಾಟಕ್ಕೆ ಕೋಳಿ ಇಪ್ಪತ್ತೊಂದು ದಿನ ತುಂಬೋ ಮೊದಲೇ ಎದ್ದುಬಿಡುತ್ತೆ. ಗೌರಿ ಗಣೇಶ ಮುಗಿದ ಮೇಲೆ ಕೂರಿಸಿದರೆ ಅಕ್ಟೋಬರಿಗೆ ಪಿಳ್ಳೆ, ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಹುಂಜಗಳು ಐದೂವರೆ, ಆರು ತಿಂಗಳಾಗಿ ತೂಕಕ್ಕೆ ಬಂದಿರುತ್ತವೆ, ಮನೆ ಬಾಗಿಲಿಗೇ ಬಂದು ಕೊಳ್ಳುತ್ತಾರೆ. ಎಲ್ಲವನ್ನೂ ಮಾರಬೇಡಿ. ಒಳ್ಳೆ ಎಲುಬಿನ, ಗಿಡುಗ ಕಂಡಾಗ ಮೊದಲು ಕೂಗಿದ ಹುಂಜ ಯಾವುದು ಅಂತ ಗುರುತಿಟ್ಟು ಅದನ್ನು ಉಳಿಸಿಕೊಳ್ಳಿ, ಹಳೆಯದನ್ನು ಬೇರೆ ಊರಿನವರ ಜೊತೆ ಬದಲಾಯಿಸಿಕೊಳ್ಳಿ.